ಸಾಕುಪ್ರಾಣಿ ಕೊನೆಗೆ ಯಾರ ಮನೆಯಲ್ಲಿ? ಪಶುವೈದ್ಯರನ್ನು ಕೇಳಿ

ವೈದ್ಯೆ: ಸ್ವಲ್ಪ ದಿನ ನೋಡಿಕೊಳ್ಳಿ ಅಂತ ಬಿಟ್ಟ ಪ್ರಾಣಿಯನ್ನು ವಾಪಸ್ ಕೇಳುವಾಗ ಜಗಳ ಆಗುತ್ತದಲ್ಲ, ಇವತ್ತು ಅದರ ಬಗ್ಗೆ ಕೇಳಿ. ನಾನು ವಕೀಲಳಲ್ಲ. ಪ್ರಾಣಿಗೆ ಏನಾಗುತ್ತದೆ ಅಂತ ಹೇಳಬಲ್ಲೆ.

ಕರಿಯನ ಅಪ್ಪ: ಎರಡು ತಿಂಗಳು ಅಂತ ಗೆಳೆಯನ ಹತ್ತಿರ ನಾಯಿ ಬಿಟ್ಟಿದ್ದೆ, ಹದಿನಾಲ್ಕು ತಿಂಗಳಾಯಿತು. ಈಗ ಕೊಡಲ್ಲ ಅಂತಾನೆ. ಚಿಪ್ ನನ್ನ ಹೆಸರಲ್ಲಿದೆ. ನನ್ನದೇ ಅಲ್ವಾ ಮೇಡಂ?

ವೈದ್ಯೆ: ಚಿಪ್ ಅಂದರೆ ಗುರುತಿಗೆ ಪ್ರಾಣಿಯ ಚರ್ಮದಡಿ ಹಾಕುವ ಸಾಧನ, ಅಕ್ಕಿಕಾಳಿನಷ್ಟು ದೊಡ್ಡದು, ಒಳಗೆ 15 ಅಂಕಿಯ ಸಂಖ್ಯೆ ಅಷ್ಟೇ. ಹೆಸರು ಇರುವುದು ನೋಂದಣಿಯಲ್ಲಿ. ಅದು ನಿಮ್ಮ ಪರ ಒಂದು ಸಾಕ್ಷಿ, ಅದೊಂದರಿಂದಲೇ ತೀರ್ಮಾನ ಆಗುತ್ತದೆ ಅಂದುಕೊಳ್ಳಬೇಡಿ. ಲಸಿಕೆ ಪುಸ್ತಕ, ಆಸ್ಪತ್ರೆ ಬಿಲ್ಲು, ಬಿಡುವಾಗ ಕಳಿಸಿದ ಮೆಸೇಜು ಎಲ್ಲ ತೆಗೆದಿಡಿ.

ಚುಕ್ಕಿ ಮನೆ: ಹದಿನಾಲ್ಕು ತಿಂಗಳಲ್ಲಿ ಎಷ್ಟು ಸಲ ಹೋಗಿ ನೋಡಿದಿರಿ ಸರ್? ನಾನೂ ಹೀಗೇ ಒಂದು ನಾಯಿ ನೋಡಿಕೊಂಡವಳು. ಜ್ವರ ಬಂದಾಗ ರಾತ್ರಿಯೆಲ್ಲಾ ಕೂತಿದ್ದು ನಾನು.

ಕರಿಯನ ಅಪ್ಪ: ಕೆಲಸ ಬಿಟ್ಟು ಬರೋಕಾಗುತ್ತಾ? ಪ್ರತಿ ತಿಂಗಳು ಖರ್ಚಿಗೆ ದುಡ್ಡು ಕಳಿಸಿದ್ದೇನೆ.

ಬಿಳಿಬೆಕ್ಕು: ಮೇಡಂ, ನಮ್ಮ ಗಂಡು ಬೆಕ್ಕನ್ನು ಅಕ್ಕ ಎಂಟು ತಿಂಗಳು ಇಟ್ಟುಕೊಂಡಿದ್ದಳು. ಈಗ ಇಬ್ಬರಿಗೂ ಬೇಕು. ಜಗಳ ಬೇಡ ಅಂತ ಒಂದು ವಾರ ಅವಳ ಮನೆ, ಒಂದು ವಾರ ನಮ್ಮ ಮನೆ. ನಿನ್ನೆ ಸಂಜೆ ಕರಕೊಂಡು ಬಂದೆ. ರಾತ್ರಿಯಿಂದ ಪದೇ ಪದೇ ಟ್ರೇಗೆ ಹೋಗಿ ಮುಕ್ಕರಿಯುತ್ತೆ, ಕೂಗುತ್ತೆ, ಮರಳು ಮಾತ್ರ ಒಣಗಿಯೇ ಇದೆ. ಮಲಬದ್ಧತೆನಾ? ಅಕ್ಕ ಏನೋ ತಿನ್ನಿಸಿರಬೇಕು.

ಹಸಿರು ರೆಕ್ಕೆ: ಪಕ್ಕದ ಮನೆಯವರು ನಮ್ಮ ಹಕ್ಕಿ ವಾಪಸ್ ಕೊಟ್ಟ ಮೇಲೆ ಅದು ಪುಕ್ಕ ಕಿತ್ತುಕೊಳ್ಳುತ್ತಿದೆ, ಯಾಕೆ?

ವೈದ್ಯೆ: ಉಳಿದವರು ಕಾಯಿರಿ. ಬಿಳಿಬೆಕ್ಕು ಅವರೇ, ಇದು ಮೂತ್ರ ಕಟ್ಟಿಕೊಂಡಿರುವ ಹಾಗಿದೆ. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಸಪೂರ. ಮನೆ, ವಾಸನೆ, ಜನ ಹೀಗೆ ವಾರವಾರ ಬದಲಾದರೆ ಆ ಒತ್ತಡಕ್ಕೇ ಕೆಲವು ಬೆಕ್ಕುಗಳ ಮೂತ್ರಕೋಶಕ್ಕೆ ಉರಿಯೂತ ಬರುತ್ತದೆ, ಲೋಳೆಯೋ ಹರಳೋ ಸೇರಿ ದಾರಿ ಮುಚ್ಚುತ್ತದೆ. ಪೂರ್ತಿ ಮುಚ್ಚಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ಒಂದೆರಡು ದಿನದಲ್ಲೇ ಜೀವ ಹೋಗುತ್ತದೆ, ನೀವು ಆಗಲೇ ಒಂದು ರಾತ್ರಿ ಕಳೆದಿದ್ದೀರಿ. ಹೊಟ್ಟೆ ಒತ್ತಿ ನೋಡಬೇಡಿ, ಮೂತ್ರಕೋಶ ಒಡೆಯಬಹುದು. ಬಾಯಿಗೆ ನೀರು ಹೊಯ್ಯಬೇಡಿ. ಬುಟ್ಟಿಯಲ್ಲಿ ಕೂರಿಸಿ ಈಗಲೇ ಆಸ್ಪತ್ರೆಗೆ ಹೊರಡಿ, ಗಂಡು ಬೆಕ್ಕು, ಮೂತ್ರ ಬರುತ್ತಿಲ್ಲ ಅಂತ ಫೋನಿನಲ್ಲೇ ಹೇಳಿ. ಅಕ್ಕನಿಗೂ ಫೋನ್ ಮಾಡಿ, ಬೈಯೋಕಲ್ಲ, ಕೊನೆಯ ಸಲ ಯಾವಾಗ ಮೂತ್ರ ಮಾಡಿತ್ತು ಅಂತ ಕೇಳೋಕೆ.

ಮನೆಮದ್ದು: ಫಾರ್ವರ್ಡ್ ಬಂದಿದೆ, ಅರ್ಧ ಪ್ಯಾರಾಸಿಟಮಾಲ್, ಬೆಳ್ಳುಳ್ಳಿ ರಸ ಕೊಟ್ಟರೆ ಸಲೀಸಾಗುತ್ತಂತೆ 🙏

ವೈದ್ಯೆ: ಡಿಲೀಟ್ ಮಾಡಿ. ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ, ಅರ್ಧವೂ ಬೇಡ, ಚೂರೂ ಬೇಡ. ಬೆಳ್ಳುಳ್ಳಿ ಕೆಂಪು ರಕ್ತಕಣ ಒಡೆಯುತ್ತದೆ. ಇಂಥದ್ದನ್ನು ಓದದೆ ಕಳಿಸುವವರಿಂದ ಎಷ್ಟು ಬೆಕ್ಕುಗಳು ನನ್ನ ಮೇಜಿನ ಮೇಲೆ ಸತ್ತಿವೆ ಗೊತ್ತಾ?

ಮನೆಮದ್ದು: ಒಳ್ಳೇದಕ್ಕೆ ಕಳಿಸಿದ್ದು, ಇಷ್ಟು ಸಿಟ್ಟು ಯಾಕೆ?

ಚುಕ್ಕಿ ಮನೆ: ದುಡ್ಡು ಕಳಿಸಿದರೆ ನಾಯಿ ಉಳಿಯುತ್ತಾ? ಅದಕ್ಕೆ ಈಗ ನಿಮ್ಮ ಮುಖವೂ ನೆನಪಿರಲಿಕ್ಕಿಲ್ಲ.

ವೈದ್ಯೆ: ಅದು ತಪ್ಪು. ನಾಯಿಗಳು ವಾಸನೆ, ದನಿ ಅಷ್ಟು ಬೇಗ ಮರೆಯಲ್ಲ.

ಕರಿಯನ ಅಪ್ಪ: ಕೇಳಿಸಿತಾ ಚುಕ್ಕಿ ಮೇಡಂ? ನೀವೂ ಬೇರೆಯವರ ನಾಯಿ ಇಟ್ಟುಕೊಂಡು ಕೂತವರೇ.

ಚುಕ್ಕಿ ಮನೆ: ಬಾಯಿ ಹಿಡಿತದಲ್ಲಿ ಇರಲಿ.

ಹೊಸಬ: ಚಿಪ್ ಯಾರ ಹೆಸರಲ್ಲಿದೆಯೋ ಅವರದೇನಾ?

ವೈದ್ಯೆ: ಮೇಲೆ ಹೇಳಿದ್ದೇನೆ.

ಇನ್ನೊಬ್ಬರು: ಚಿಪ್‌ನಿಂದ ನಾಯಿ ಎಲ್ಲಿದೆ ಅಂತ ಗೊತ್ತಾಗುತ್ತಾ?

ವೈದ್ಯೆ: ಇಲ್ಲ. ಅದರಲ್ಲಿ ಬ್ಯಾಟರಿಯೇ ಇಲ್ಲ.

ರಾಜು ಮನೆಯವರು: ವಾಪಸ್ ಬಂದ ನಾಯಿ ಮೂರು ದಿನದಿಂದ ಬಾಗಿಲ ಹತ್ತಿರವೇ ಮಲಗಿದೆ, ಅರ್ಧಂಬರ್ಧ ತಿನ್ನುತ್ತೆ.

ವೈದ್ಯೆ: ನೋಡಿಕೊಂಡವರಿಂದ ಅದು ಮಲಗುತ್ತಿದ್ದ ಬಟ್ಟೆ ತರಿಸಿ, ಒಗೆಯಬೇಡಿ. ಅಲ್ಲಿನ ಆಹಾರ, ಅಲ್ಲಿನ ಹೊತ್ತು ಕೆಲವು ದಿನ ಹಾಗೇ ಇರಲಿ. ಪೂರ್ತಿ ತಿನ್ನುವುದು ಬಿಟ್ಟರೆ, ವಾಂತಿ ಮಾಡಿಕೊಂಡರೆ ತೋರಿಸಿ.

ಕರಿಯನ ಅಪ್ಪ: ಅಂದರೆ ಗೆಳೆಯನ ಹತ್ತಿರ ಬಟ್ಟೆಗೂ ಬೇಡಬೇಕಾ?

ವೈದ್ಯೆ: ಹೌದು, ಬೇಡಿ. ನಾಯಿಗೋಸ್ಕರ ಅಷ್ಟಾದರೂ ಆಗಲ್ವಾ?

ಬಿಳಿಬೆಕ್ಕು: ಪೂರ್ತಿ ಮುಚ್ಚಿತ್ತಂತೆ. ಕ್ಯಾಥೆಟರ್ ಅಂತ ಮೂತ್ರ ತೆಗೆಯುವ ಕೊಳವೆ ಹಾಕಿ ಡ್ರಿಪ್ ಕೊಟ್ಟಿದ್ದಾರೆ. ಅಕ್ಕನೂ ಬಂದಿದ್ದಾಳೆ, ಬೆಕ್ಕು ಅವಳ ಬೆರಳು ನೆಕ್ಕಿತು. ಬಿಡುಗಡೆ ಆದ ಮೇಲೆ ಯಾರ ಮನೆಗೆ ಮೇಡಂ?

ವೈದ್ಯೆ: ಒಂದೇ ಮನೆಗೆ. ಯಾವುದು ಅಂತ ಅಲ್ಲೇ ಕೂತು ಇಬ್ಬರೂ ಮಾತಾಡಿ, ವಾರದ ಓಡಾಟ ಇವತ್ತಿಗೆ ನಿಲ್ಲಿಸಿ. ಇನ್ನೊಬ್ಬರು ಬಂದು ನೋಡಿಕೊಂಡು ಹೋಗಲಿ. ಮೊದಲ ದಿನಗಳಲ್ಲಿ ಮತ್ತೆ ಮುಚ್ಚುವ ಅಪಾಯ ಜಾಸ್ತಿ. ಬೆಳಿಗ್ಗೆ ಸಂಜೆ ಟ್ರೇಯಲ್ಲಿ ಮೂತ್ರದಿಂದ ಒದ್ದೆಯಾದ ಮರಳಿನ ಉಂಡೆ ಎಷ್ಟಿದೆ ಅಂತ ಎಣಿಸಿ ಬರೆದಿಡಿ. ಒಂದೂ ಇಲ್ಲದಿದ್ದರೆ ನನಗೆ ಇಲ್ಲಿ ಬರೆಯುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.