ಪದಚರ್ಚೆ: ಹಳೇ ಫೈಬರ್ ದೋಣಿಯ ‘ಡೆಕ್’ಗೆ, ‘ಕನ್ಸೋಲ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ನಾನಿರುವ ಫ್ಲಾರಿಡಾದಲ್ಲಿ 1980ರ ದಶಕದ ಫೈಬರ್ ಮೀನುದೋಣಿಗಳು ಈಗಲೂ ಅಗ್ಗಕ್ಕೆ ಸಿಗುತ್ತವೆ. ಹೊರಮೈ ಗಟ್ಟಿಯಾಗಿರುತ್ತದೆ, ಒಳಗಿನ ಮರ ಮಾತ್ರ ಹಾಳಾಗಿರುತ್ತದೆ. ಅಂಥದೊಂದರ ಡೆಕ್ (ಒಳಗೆ ಕಾಲಿಡುವ ಜಾಗ) ಕಿತ್ತು, ಕನ್ಸೋಲ್ (ಸ್ಟೀರಿಂಗ್ ಇರುವ ಪೆಟ್ಟಿಗೆ) ಬಿಚ್ಚಿ, ಹೊಸದಾಗಿ ಕಟ್ಟುತ್ತಿದ್ದೇನೆ. ಮಾಡಿದ ಕೆಲಸವನ್ನೆಲ್ಲ ಕನ್ನಡದಲ್ಲೇ ಬರೆದಿಡುತ್ತಿದ್ದೇನೆ. ಗಂಗೊಳ್ಳಿಯಲ್ಲಿ ಫೈಬರ್ ದೋಣಿ ರಿಪೇರಿ ಮಾಡುವ ನಮ್ಮ ಭಾವ ಓದಿ ಬುದ್ಧಿ ಹೇಳಲಿ ಅಂತ. ಬರೆಯಲು ಕೂತರೆ ಹೆಜ್ಜೆಗೊಂದು ಪದದ ತಕರಾರು.

ಮೊದಲನೆಯದು ‘ಡೆಕ್’. ಅಟ್ಟ, ಹಡಗಟ್ಟ ಅನ್ನುವ ಸಲಹೆ ಬಂದೇ ಬರುತ್ತದೆ ಅಂತ ಗೊತ್ತು. ದೊಡ್ಡ ಹಡಗಿಗೆ ಅದು ಸರಿ, ಅಟ್ಟದ ಕೆಳಗೆ ಜನ ಓಡಾಡುತ್ತಾರೆ. ಈ ದೋಣಿಯಲ್ಲಿ ಕಾಲಿಡುವ ಜಾಗದ ಕೆಳಗೆ ಇರುವುದು ಒಂದಿಷ್ಟು ಸಂದು, ಅದರಲ್ಲಿ ತೇಲಲೆಂದು ತುಂಬಿದ ಫೋಮ್. (20 ಅಡಿಗಿಂತ ಚಿಕ್ಕ ಔಟ್‌ಬೋರ್ಡ್ ದೋಣಿ, ಅಂದರೆ ಎಂಜಿನ್ನನ್ನು ಹಿಂಬದಿಗೆ ಹೊರಗಿನಿಂದ ತಗುಲಿಸಿದ ದೋಣಿ, ನೀರು ತುಂಬಿದರೂ ಮುಳುಗಬಾರದು ಅನ್ನುವುದು ಇಲ್ಲಿನ ಕೋಸ್ಟ್ ಗಾರ್ಡ್ ನಿಯಮ. ಹಳೇ ಫೋಮ್ ನೀರು ಕುಡಿದು ಕಲ್ಲಿನ ಭಾರ ಆಗಿರುತ್ತದೆ, ಅದು ಬೇರೆ ಕಥೆ.) ಇಂಗ್ಲಿಷಿನ ಹಳೇ ದೋಣಿಗಾರರೂ ಕಾಲಿಡುವ ಜಾಗವನ್ನು ಡೆಕ್ ಅನ್ನದೆ ‘ಸೋಲ್’ ಅಂತ ಬೇರೆಯಾಗಿಯೇ ಕರೆಯುತ್ತಾರೆ. ಹಾಗಾಗಿ ನಾನು ಸುಮ್ನೆ ‘ನೆಲ’ ಅಂತ ಬರೆದೆ. ನೀರಿಗೆ ತಾಗುವುದು ‘ತಳ’, ಕಾಲಿಗೆ ತಾಗುವುದು ‘ನೆಲ’.

ನೆಲ ಅಂದ ಕೂಡಲೇ ಅದರ ಹಿಂದೆ ಬೇರೆ ಮಾತುಗಳು ತಾವಾಗಿಯೇ ಬಂದವು. ನೆಲ ಕುಸಿದಿದೆ, ನೆಲ ಎದ್ದಿದೆ, ನೆಲಕ್ಕೆ ವಾಟ ಕೊಡಬೇಕು. ಈ ‘ವಾಟ’ ನನಗೆ ತುಂಬಾ ಬೇಕಾಗಿತ್ತು. ಇಂಥ ದೋಣಿಯ ನೆಲ ಹೊರಗಿನ ನೀರಿನ ಮಟ್ಟಕ್ಕಿಂತ ಮೇಲಿರುತ್ತದೆ. ಒಳಗೆ ಬಿದ್ದ ಅಲೆಯ ನೀರು ಹಿಂದಕ್ಕೆ ಹರಿದು, ತೂತಿನಿಂದ ತಾನೇ ಹೊರಹೋಗಬೇಕು. ಬಚ್ಚಲಿಗೆ ವಾಟ ಕೊಡುವ ಗಾರೆಯವರ ಮಾತು ಇಲ್ಲಿ ಹಾಗೇ ಕೂತಿತು. ಅಟ್ಟಕ್ಕೆ ಯಾರೂ ವಾಟ ಕೊಡುವುದಿಲ್ಲ, ಅಲ್ವಾ?

ಮುಂದಿನದು ಹಾಳಾದ ಮರದ ವಿಚಾರ. ನೆಲ ಅಂದರೆ ಮೇಲೊಂದು ಫೈಬರ್ ಪದರ, ಕೆಳಗೊಂದು, ನಡುವೆ ಪ್ಲೈವುಡ್ ಅಥವಾ ಬಾಲ್ಸಾ ಅನ್ನುವ ಹಗುರ ಮರ. ಸೀಟು, ಕನ್ಸೋಲ್ ಕೂರಿಸಲು ಹೊಡೆದ ಸ್ಕ್ರೂ ತೂತುಗಳಿಂದ ನೀರು ಇಳಿದು ನಡುವಿನ ಮರ ಕೊಳೆಯುತ್ತದೆ. ಮೇಲೆ ನೋಡಿದರೆ ಏನೂ ಗೊತ್ತಾಗದು. ಸುತ್ತಿಗೆಯ ಹಿಡಿಯಿಂದ ಬಡಿಯುತ್ತಾ ಹೋಗಬೇಕು. ಚೆನ್ನಾಗಿರುವ ಕಡೆ ‘ಟಕ್’, ಕೆಟ್ಟ ಕಡೆ ‘ದಬ್’. ಹೀಗೆ ಕೆಟ್ಟ ಮರಕ್ಕೆ ನಮ್ಮ ಮನೆಯಲ್ಲಿ ‘ಕುಂಬಾಗಿದೆ’ ಅನ್ನುತ್ತಿದ್ದರು. ‘ಲಡ್ಡು’ ಅನ್ನುವವರೂ ಇದ್ದಾರೆ. ಇವೆರಡೂ ಒಂದೇನಾ? ನನ್ನ ಕಿವಿಗೆ ಕುಂಬು ಅಂದರೆ ಬೆರಳಲ್ಲಿ ಪುಡಿಯಾಗುವ ಮರ, ಲಡ್ಡು ಅಂದರೆ ಇನ್ನೂ ಆಕಾರ ಉಳಿದಿದ್ದರೂ ಬಲ ಹೋದ ಮರ. ನಿಮ್ಮ ಊರಿನ ಬಳಕೆ ತಿಳಿಸಿ.

ಇನ್ನೊಂದು ಸ್ಥಿತಿ ಇದೆ. ಮರ ಒಣಗಿ ಗಟ್ಟಿಯಾಗಿಯೇ ಇದೆ, ಆದರೆ ಮೇಲಿನ ಪದರ ಅದರಿಂದ ಬಿಟ್ಟುಕೊಂಡಿದೆ. ಇದಕ್ಕೆ ‘ಎದ್ದಿದೆ’ ಸಾಕು. ಗೋಡೆಯ ಗಾರೆಗೂ ಅದನ್ನೇ ಹೇಳುತ್ತೇವೆ. ಎರಡನ್ನೂ ‘ಹಾಳಾಗಿದೆ’ ಅಂತ ಬರೆದರೆ ಓದುವವನಿಗೆ ನಷ್ಟ. ಎದ್ದದ್ದಕ್ಕೆ ಸಣ್ಣ ತೂತು ಕೊರೆದು ತೆಳು ಇಪಾಕ್ಸಿ ಅಂಟು ಇಳಿಸಿದರೆ ಆಗಬಹುದು. ಕುಂಬಾದದ್ದಕ್ಕೆ ಮೇಲಿನ ಪದರ ಕೊಯ್ದು ಮರವನ್ನೆಲ್ಲ ತೆಗೆಯದೆ ಬೇರೆ ದಾರಿ ಇಲ್ಲ.

ನೆಲದ ಕೆಳಗೆ ಉದ್ದಕ್ಕೆ ಓಡುವ ‘ಸ್ಟ್ರಿಂಗರ್’ಗೆ ‘ಜಂತಿ’ ಅಂತ ಬರೆದಿದ್ದೇನೆ. ಭಾವ ‘ಉದ್ದದ ಪಟ್ಟಿ’ ಅಂದುಬಿಡುತ್ತಾರೆ. ಎರಡೂ ನಡೆಯುತ್ತದೆ.

‘ಕನ್ಸೋಲ್’ ಮಾತ್ರ ಬಗೆಹರಿಯುತ್ತಿಲ್ಲ. ದೋಣಿಯ ನಡುವೆ ನಿಂತಿರುವ, ಸ್ಟೀರಿಂಗ್ ಚಕ್ರ, ವೇಗದ ಹಿಡಿ, ಮೀಟರು, ಸ್ವಿಚ್ಚು, ವೈರುಗಳೆಲ್ಲ ಇರುವ ಎದೆಮಟ್ಟದ ಪೆಟ್ಟಿಗೆ ಅದು. ನಮ್ಮ ನಾಡದೋಣಿಯಲ್ಲಿ ಔಟ್‌ಬೋರ್ಡ್ ಎಂಜಿನ್ನಿನ ಹಿಡಿಯನ್ನೇ ಕೈಯಲ್ಲಿ ತಿರುಗಿಸುತ್ತಾರೆ, ಟ್ರಾಲ್ ಬೋಟಿನಲ್ಲಿ ಪೂರಾ ಕ್ಯಾಬಿನ್ನೇ ಇರುತ್ತದೆ. ಇದು ಎರಡರ ನಡುವಿನದು. ‘ಚುಕ್ಕಾಣಿ ಪೆಟ್ಟಿಗೆ’ ಅನ್ನಬಹುದೇ? ಚುಕ್ಕಾಣಿ ಅರಬ್ಬಿಯ ‘ಸುಕ್ಕಾನ್’ನಿಂದ ಬಂದದ್ದು, ನೀರಲ್ಲಿ ಇಳಿದಿರುವ ಹಲಗೆಯ ಹೆಸರು. ಔಟ್‌ಬೋರ್ಡ್ ದೋಣಿಗೆ ಆ ಹಲಗೆಯೇ ಇಲ್ಲ, ಎಂಜಿನ್ನೇ ಹೊರಳುತ್ತದೆ. ಆದರೆ ಪೇಪರಿನಲ್ಲಿ ದೋಣಿಯವರಿಗಿಂತ ಪಕ್ಷದ ಅಧ್ಯಕ್ಷರೇ ಜಾಸ್ತಿ ಚುಕ್ಕಾಣಿ ಹಿಡಿಯುತ್ತಾರೆ, ಆದ್ದರಿಂದ ಈ ಆಕ್ಷೇಪಕ್ಕೆ ತೂಕ ಎಷ್ಟೋ! ಹೆಸರು ಬೇಕೇಬೇಕು, ಯಾಕಂದರೆ ಅದರ ಜಾಗದ ಬಗ್ಗೆ ಬರೆಯುವುದು ತುಂಬಾ ಇದೆ. ಈಗಿನ ಫೋರ್ ಸ್ಟ್ರೋಕ್ ಎಂಜಿನ್ ಹಳೇ ಟೂ ಸ್ಟ್ರೋಕಿಗಿಂತ ಭಾರ. ಹಿಂಬದಿ ತಗ್ಗುತ್ತದೆ, ನೀರು ಹೋಗುವ ತೂತಿನಿಂದ ನೀರು ಒಳಗೇ ಬರುತ್ತದೆ. ಅದಕ್ಕೇ ಹೊಸದಾಗಿ ಕಟ್ಟುವವರು ಕನ್ಸೋಲನ್ನೂ ಬ್ಯಾಟರಿಯನ್ನೂ ಸ್ವಲ್ಪ ಮುಂದಕ್ಕೆ ಸರಿಸುತ್ತಾರೆ.

ಕೆಲವು ಪದಗಳನ್ನು ದಯವಿಟ್ಟು ಕನ್ನಡ ಮಾಡಲು ಹೋಗಬೇಡಿ. ರೆಸಿನ್ (ಗಟ್ಟಿಯಾಗುವ ಅಂಟುದ್ರವ), ಮ್ಯಾಟ್ (ಗಾಜಿನ ನಾರಿನ ಹಾಸು), ಜೆಲ್‌ಕೋಟ್ (ಹೊರಮೈಯ ನುಣುಪು ಲೇಪ) ಅಲ್ಲೂ ಇಲ್ಲೂ ಅವೇ. ಮುಖ್ಯವಾಗಿ ರೆಸಿನ್ ಗಟ್ಟಿಯಾಗಲೆಂದು ಬೆರೆಸುವ ಎರಡು ರಾಸಾಯನಿಕಗಳು, ಕೋಬಾಲ್ಟ್ ಮತ್ತು ಎಂಇಕೆಪಿ. ಊರಲ್ಲಿ ಪಾಲಿಯೆಸ್ಟರ್ ರೆಸಿನ್‌ಗೆ ಮೊದಲು ಕೋಬಾಲ್ಟ್ ಕಲಸಿ, ಆಮೇಲೆ ಎಂಇಕೆಪಿ ಹಾಕುತ್ತಾರೆ. ಇಲ್ಲಿ ಕೋಬಾಲ್ಟ್ ಸಾಮಾನ್ಯವಾಗಿ ಡಬ್ಬದಲ್ಲೇ ಬೆರೆತು ಬರುತ್ತದೆ. ಇಂಗ್ಲಿಷಿನಲ್ಲಿ ಒಂದು ಆಕ್ಸಿಲರೇಟರ್, ಇನ್ನೊಂದು ಕ್ಯಾಟಲಿಸ್ಟ್. ನಿಘಂಟು ಹಿಡಿದು ಹೊರಟರೆ ಎರಡೂ ‘ವೇಗವರ್ಧಕ’ ಆಗಿಬಿಡುತ್ತವೆ. ಈ ಎರಡನ್ನು ರೆಸಿನ್ ಇಲ್ಲದೆ ನೇರವಾಗಿ ಬೆರೆಸಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ‘ವೇಗವರ್ಧಕಕ್ಕೆ ವೇಗವರ್ಧಕ ಸೇರಿಸಿ’ ಅಂತ ನಾನಂತೂ ಬರೆಯಲಾರೆ.

ಕರಾವಳಿಯವರಿಗೆ, ಕಾರವಾರದಿಂದ ಉಳ್ಳಾಲದವರೆಗೆ, ಮೂರು ಪ್ರಶ್ನೆ. ಮಲಯಾಳದಲ್ಲಿ ದೋಣಿಯ ಮುಂದಲೆಗೆ ಅಣಿಯಂ, ಹಿಂದಲೆಗೆ ಅಮರಂ ಅನ್ನುತ್ತಾರೆ, ನಿಮ್ಮಲ್ಲಿ ಏನು? ನೆಲದ ಕೆಳಗೆ ಸೇರಿಕೊಂಡು ನಾರುವ ನೀರಿಗೆ ಹೆಸರಿದೆಯೇ? ಹಿಂಬದಿಯ ನೀರು ಹೋಗುವ ತೂತಿಗೆ? ತುಳು, ಕೊಂಕಣಿ ಮಾತಾದರೂ ಸರಿ, ಮರದ ದೋಣಿ ಕಾಲದ್ದಾದರೂ ಸರಿ. ಯಾವ ಊರಲ್ಲಿ, ಯಾರ ಬಾಯಲ್ಲಿ ಕೇಳಿದ್ದು ಅಂತ ಜೊತೆಗೆ ಬರೆದರೆ ಉಪಕಾರ.