ಪದಚರ್ಚೆ: ಕಾಳಗ ‘ಮುಂದೂಡಿಕೆ’, ಟಿಕೆಟ್ ‘ಮಾನ್ಯ’, ಹಣ ‘ಮರುಪಾವತಿ’ – ಇವುಗಳಿಗಿಂತ ಹದವಾದ ಪದಗಳಿವೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಬಾಕ್ಸಿಂಗ್‌ನ ದೊಡ್ಡ ಕಾಳಗಗಳ ಹಿಂದಿನ ವ್ಯವಹಾರವನ್ನು ಕುರಿತು ಕನ್ನಡದಲ್ಲಿ ಒಂದು ಲೇಖನ ಸಿದ್ಧಪಡಿಸುತ್ತಿದ್ದೇನೆ. ಗುದ್ದು, ಪೆಟ್ಟು, ಹೊಡೆತಗಳಿಗೆ ನಮ್ಮಲ್ಲಿ ಪದಗಳ ಬರವಿಲ್ಲ. ತೊಡಕು ಇರುವುದು ಗುದ್ದಾಟಕ್ಕೂ ಮೊದಲಿನ ಸಂಗತಿಗಳಲ್ಲಿ: ಟಿಕೆಟ್ ಮಾರಾಟ, ದಿನಾಂಕದ ಬದಲಾವಣೆ, ಹಣ ವಾಪಸು. ನಮ್ಮ ಪತ್ರಿಕೆಗಳು ‘ಮುಂದೂಡಿಕೆ’ ಎಂಬ ಒಂದೇ ಪದವನ್ನು ಮೂರು ಬೇರೆ ಬೇರೆ ಸ್ಥಿತಿಗಳಿಗೆ ಹಚ್ಚುತ್ತಿವೆ. ಟಿಕೆಟ್ ಕೊಂಡವನಿಗೆ ಮಾತ್ರ ಆ ಮೂರೂ ಒಂದೇ ಅಲ್ಲ.

2024ರ ಮೈಕ್ ಟೈಸನ್–ಜೇಕ್ ಪಾಲ್ ಕಾಳಗವನ್ನು ನೋಡಿ. ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಜುಲೈ 20ಕ್ಕೆ ನಿಗದಿಯಾಗಿತ್ತು. ಟಿಕೆಟ್ ಮಾರಾಟ ಶುರುವಾದ ಮೇಲೆ, ಮೇ ತಿಂಗಳ ಕೊನೆಯಲ್ಲಿ, ವಿಮಾನಯಾನದ ನಡುವೆ ಟೈಸನ್‌ಗೆ ಹೊಟ್ಟೆಯ ಹುಣ್ಣು ಉಲ್ಬಣಿಸಿತು. ಕಾಳಗ ನವೆಂಬರ್ 15ಕ್ಕೆ ಹೋಯಿತು. ಕ್ರೀಡಾಂಗಣ ಅದೇ, ಎದುರಾಳಿಗಳು ಅವರೇ, ಟಿಕೆಟ್ ಕೂಡ ಅದೇ. ಜುಲೈಗೆಂದು ಕೊಂಡದ್ದನ್ನು ನವೆಂಬರ್‌ನಲ್ಲಿ ತೋರಿಸಿ ಒಳಗೆ ಹೋಗಬಹುದಿತ್ತು; ಬರಲಾಗದವರು ಹಣ ವಾಪಸು ಕೇಳಬಹುದಿತ್ತು. ಇದಕ್ಕೆ ‘ಮುಂದೂಡಿಕೆ’ ಸರಿಯಾಗಿ ಒಪ್ಪುತ್ತದೆ. ತಕರಾರಿಲ್ಲ.

ಆದರೆ ಅದೇ ಟೈಸನ್ 1991ರ ನವೆಂಬರ್ 8ರಂದು ಲಾಸ್ ವೇಗಸ್‌ನಲ್ಲಿ ಇವ್ಯಾಂಡರ್ ಹೋಲಿಫೀಲ್ಡ್ ಜತೆ ಸೆಣಸಬೇಕಿತ್ತು. ಪಕ್ಕೆಲುಬಿಗೆ ಪೆಟ್ಟಾಗಿ ಅದೂ ‘ಮುಂದೂಡಿಕೆ’ಯಾಯಿತು. 1992ರ ಫೆಬ್ರುವರಿಯಲ್ಲಿ ಅತ್ಯಾಚಾರ ಪ್ರಕರಣದಲ್ಲಿ ಟೈಸನ್ ಅಪರಾಧಿ ಎಂದು ತೀರ್ಮಾನವಾಗಿ ಸೆರೆಮನೆಗೆ ಹೋದರು. ಅವರಿಬ್ಬರೂ ಎದುರುಬದುರಾಗಿ ನಿಂತದ್ದು 1996ರ ನವೆಂಬರ್ 9ರಂದು, ಬೇರೆಯದೇ ಅಖಾಡದಲ್ಲಿ. ‘ಮುಂದೂಡಿದ್ದ ಕಾಳಗ ಐದು ವರ್ಷದ ಬಳಿಕ ನಡೆಯಿತು’ ಎಂದು ಬರೆದರೆ ನನ್ನ ಕಿವಿ ಒಪ್ಪುವುದಿಲ್ಲ. ಐದು ವರ್ಷ ಯಾರೂ ಅದನ್ನು ದೂಡುತ್ತ ಕುಳಿತಿರಲಿಲ್ಲ. ಅದು ನನೆಗುದಿಗೆ ಬಿದ್ದಿತ್ತು. ನನೆಗುದಿಯನ್ನು ನಾವು ಸರ್ಕಾರಿ ಕಡತಕ್ಕೂ ಅರ್ಧಕ್ಕೆ ನಿಂತ ಸೇತುವೆಗೂ ಮೀಸಲಿಟ್ಟುಬಿಟ್ಟಿದ್ದೇವೆ. ಕ್ರೀಡಾಪುಟಕ್ಕೆ ತಂದರೆ ತಪ್ಪೇನು? ಹೊಸ ದಿನಾಂಕ ಗೊತ್ತಾಗಿದ್ದರೆ ‘ಮುಂದೂಡು’, ಗೊತ್ತಾಗದೆ ತೂಗಾಡುತ್ತಿದ್ದರೆ ‘ನನೆಗುದಿಗೆ ಬೀಳು’ ಎಂದು ನಾನು ಗೆರೆ ಎಳೆದುಕೊಂಡಿದ್ದೇನೆ. ‘ಅನಿರ್ದಿಷ್ಟಾವಧಿಗೆ ಮುಂದೂಡಿಕೆ’ ಎಂಬ ವಿಧಾನಸಭೆಯ ಪದಗುಚ್ಛವೂ ಇದೆಯಲ್ಲ ಎಂದು ಯಾರಾದರೂ ಹೇಳಬಹುದು. ಅದು ಕಲಾಪಕ್ಕೆ ಒಪ್ಪುತ್ತದೆ, ಏಕೆಂದರೆ ಕಲಾಪ ಆಗಲೇ ಶುರುವಾಗಿರುತ್ತದೆ. ಗಂಟೆಯೇ ಹೊಡೆಯದ ಕಾಳಗಕ್ಕೆ ಆ ಮಾತು ಭಾರವಾಗುತ್ತದೆ. ಇದೇ ಕಾರಣಕ್ಕೆ ‘ಸ್ಥಗಿತ’ವೂ ಬೇಡ, ಅದನ್ನು ಮಳೆ ಬಂದು ನಿಂತ ಕ್ರಿಕೆಟ್ ಪಂದ್ಯಕ್ಕೆ ಬಿಡೋಣ.

ಮೂರನೆಯ ಸ್ಥಿತಿ ಇನ್ನೂ ಗೋಜಲಿನದು. 1964ರ ನವೆಂಬರ್ 16ರಂದು ಬಾಸ್ಟನ್‌ನಲ್ಲಿ ಮುಹಮ್ಮದ್ ಅಲಿ ಮತ್ತು ಸನಿ ಲಿಸ್ಟನ್ ಎರಡನೇ ಬಾರಿ ಎದುರಾಗಬೇಕಿತ್ತು. ಕೇವಲ ಮೂರು ದಿನ ಮೊದಲು ಅಲಿಗೆ ಹರ್ನಿಯಾದ ತುರ್ತು ಶಸ್ತ್ರಚಿಕಿತ್ಸೆ. ಕಾಳಗ 1965ರ ಮೇ 25ಕ್ಕೆ ಹೋಯಿತು. ಆ ದಿನ ಹತ್ತಿರ ಬರುವಷ್ಟರಲ್ಲಿ ಬಾಸ್ಟನ್‌ನ ಸರ್ಕಾರಿ ವಕೀಲರು ಕಾನೂನಿನ ಅಡ್ಡಿ ತಂದರು. ಸಂಘಟಕರು ಮೇನ್ ರಾಜ್ಯದ ಲೂಯಿಸ್ಟನ್ ಎಂಬ ಸಣ್ಣ ಊರಿನ ಐಸ್ ಹಾಕಿ ಅಂಗಳಕ್ಕೆ ಓಡಿದರು. ನೋಡಲು ಬಂದವರ ಅಧಿಕೃತ ಲೆಕ್ಕ 2,434. ಹೆವಿವೇಟ್ ವಿಶ್ವಪಟ್ಟದ ಕಾಳಗಕ್ಕೆ ಇಷ್ಟು ಕಡಿಮೆ ಜನ! ಅದೂ ಮೊದಲ ಸುತ್ತಿನಲ್ಲೇ ಮುಗಿದುಹೋಯಿತು. ಅಲಿಯ ಗುದ್ದು ಲಿಸ್ಟನ್‌ಗೆ ತಗುಲಿತೋ ಇಲ್ಲವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಇಲ್ಲಿ ದಿನವೂ ಬದಲಾಯಿತು, ಊರೂ ಬದಲಾಯಿತು. ‘ಮುಂದೂಡಿಕೆ ಮತ್ತು ಸ್ಥಳಾಂತರ’ ಎಂದರೆ ತಹಶೀಲ್ದಾರರ ಆದೇಶ ಓದಿದಂತಾಗುತ್ತದೆ. ‘ಎತ್ತಂಗಡಿ’ ಎಂದರೆ ಚುರುಕಾಗಿದೆ, ಆದರೆ ಅದು ವರ್ಗಾವಣೆಯಾದ ಅಧಿಕಾರಿಗೆ ಅಂಟಿಕೊಂಡಿದೆ. ಬೇರೆ ಯಾವುದಾದರೂ ಹೊಳೆಯುತ್ತದೆಯೇ?

ದಿಕ್ಕಿನ ಗೊಂದಲವೂ ಒಂದಿದೆ. ಇಂಗ್ಲಿಷ್ ವರದಿಗಾರರು ತಡವಾದ ಕಾಳಗವನ್ನು ‘ಹಿಂದಕ್ಕೆ ತಳ್ಳುತ್ತಾರೆ’, ಬೇಗನೆ ನಡೆಸುವುದನ್ನು ‘ಮುಂದಕ್ಕೆ ತರುತ್ತಾರೆ’. ಕನ್ನಡದ ಲೆಕ್ಕ ತಿರುಗುಮುರುಗು. ನಮಗೆ ‘ಮುಂದೆ’ ಎಂದರೆ ಬರಲಿರುವ ಕಾಲ. ಮದುವೆ ಮುಂದೆ ಹೋಯಿತು ಎಂದರೆ ತಡವಾಯಿತು ಎಂದು ಮಗುವಿಗೂ ಗೊತ್ತು. ಅವಸರದ ಅನುವಾದಗಳಲ್ಲಿ ‘ಕಾಳಗವನ್ನು ಎರಡು ವಾರ ಮುಂದಕ್ಕೆ ತರಲಾಗಿದೆ’ ಎಂದು ಓದಿದಾಗ ಯಾವ ದಿನ ಹೊರಡಬೇಕೆಂದು ತಿಳಿಯದೆ ಓದುಗ ಪೇಚಿಗೆ ಸಿಲುಕುತ್ತಾನೆ. ಬೇಗನೆ ನಡೆಸುವುದಕ್ಕೆ ‘ಮೊದಲೇ ಇಟ್ಟುಕೊಂಡರು’ ಎಂದರೆ ಸಾಕು ಎಂಬುದು ನನ್ನ ನಿಲುವು. ‘ಮುಂಚಿತಗೊಳಿಸು’ ಎಂಬುದು ಕಾರ್ಖಾನೆಯಲ್ಲಿ ತಯಾರಾದ ಪದ. ‘ಮುಂದೂಡಲ್ಪಟ್ಟಿದೆ’ ಎಂಬುದನ್ನಂತೂ ನಾನು ಬರೆಯುವುದೇ ಇಲ್ಲ. ಪದದೊಳಗೆ ‘ದೂಡು’ ಇರುವಾಗ ದೂಡಿದ ಕೈಯೂ ಕಾಣಬೇಕು. 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಅಲಿ ಮತ್ತು ಜಾರ್ಜ್ ಫೋರ್ಮನ್ ನಡುವಿನ ಕಾಳಗವನ್ನು ಸೆಪ್ಟೆಂಬರ್ 25ರಿಂದ ಅಕ್ಟೋಬರ್ 30ಕ್ಕೆ ದೂಡಿದ್ದು ಅಭ್ಯಾಸದ ವೇಳೆ ಫೋರ್ಮನ್ ಕಣ್ಣಿನ ಮೇಲೆ ಬಿದ್ದ ಸೀಳುಗಾಯ. ‘ಫೋರ್ಮನ್ ಗಾಯದಿಂದಾಗಿ ಕಾಳಗ ಮುಂದೆ ಹೋಯಿತು’ ಎಂದು ನೇರವಾಗಿ ಬರೆಯಬಹುದಲ್ಲ. ಅಂದಹಾಗೆ, ಕಾಳಗದ ಜತೆಗೇ ಏರ್ಪಾಡಾಗಿದ್ದ ಸಂಗೀತೋತ್ಸವ ಮಾತ್ರ ಮೊದಲು ಗೊತ್ತಾದ ದಿನಗಳಲ್ಲೇ, ಸೆಪ್ಟೆಂಬರ್‌ನಲ್ಲೇ ನಡೆದುಹೋಯಿತು. ಹಾಡು ಮುಗಿದು ತಿಂಗಳಾದ ಮೇಲೆ ಕಾಳಗ!

ಇನ್ನು ಟಿಕೆಟ್. ‘ಹಳೆಯ ಟಿಕೆಟ್‌ಗಳು ಹೊಸ ದಿನಾಂಕಕ್ಕೂ ಮಾನ್ಯವಾಗಿರುತ್ತವೆ’ ಎಂಬುದು ಈಗಿನ ಸಿದ್ಧವಾಕ್ಯ. ತಪ್ಪಿಲ್ಲ, ಆದರೆ ‘ಮಾನ್ಯ’ ಎಂದೊಡನೆ ಸಭಾಧ್ಯಕ್ಷರು ನೆನಪಾಗುತ್ತಾರೆ. ‘ಚಾಲ್ತಿಯಲ್ಲಿವೆ’ ಎಂದರೆ ಅರ್ಧ ಸರಿ. ಚಾಲ್ತಿ ಎಂಬುದು ಬ್ಯಾಂಕ್ ಖಾತೆಗೂ ಯೋಜನೆಗೂ ಹೊಂದುತ್ತದೆ, ಒಂದು ರಾತ್ರಿ ಮಾತ್ರ ಕೆಲಸಕ್ಕೆ ಬರುವ ಚೀಟಿಗೆ ಹೊಂದುವುದಿಲ್ಲ. ನನಗೆ ಹಿಡಿಸಿರುವುದು ‘ಸಲ್ಲು’: ‘ಜುಲೈ ಟಿಕೆಟ್ ನವೆಂಬರ್‌ಗೂ ಸಲ್ಲುತ್ತದೆ.’ ಕಮ್ಮಟದ ನಾಣ್ಯಕ್ಕೆ ವಚನಗಳ ಕಾಲದಿಂದ ಬಳಸುತ್ತ ಬಂದಿರುವ ಕ್ರಿಯಾಪದ. ಬೆಲೆ ಕೊಟ್ಟು ಪಡೆದ ಚೀಟಿಗೂ ಅದೇ ನ್ಯಾಯ. ಲೂಯಿಸ್ಟನ್‌ನಂಥ ಪ್ರಕರಣಕ್ಕೆ ‘ಬಾಸ್ಟನ್‌ನ ಆಸನಸಂಖ್ಯೆ ಇಲ್ಲಿ ಸಲ್ಲದು’ ಎಂದು ನಾಲ್ಕೇ ಪದದಲ್ಲಿ ಹೇಳಿ ಮುಗಿಸಬಹುದು. ಈಗಿನ ಓದುಗರಿಗೆ ಇದು ಹಳತಾಗಿ ಕೇಳಿಸುತ್ತದೆಯೇ ಎಂದು ಹೊಸ ತಲೆಮಾರಿನವರು ಹೇಳಬೇಕು.

‘ಮರುಪಾವತಿ’ಯ ಮೇಲೆ ನನಗೆ ಹಳೆಯ ಸಿಟ್ಟು. ಬ್ಯಾಂಕಿನವರು ಸಾಲಗಾರನಿಂದ ಕೇಳುವುದೂ ಮರುಪಾವತಿ, ಸಂಘಟಕರು ಪ್ರೇಕ್ಷಕನಿಗೆ ಕೊಡುವುದೂ ಮರುಪಾವತಿ. ಹಣ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂಬುದೇ ಗೊತ್ತಾಗದ ಪದವನ್ನು ಹಣದ ವಿಷಯದಲ್ಲಿ ಬಳಸಬಾರದು. ‘ಹಣ ವಾಪಸು’ ಎಂದರೆ ಯಾರಿಗೂ ಸಂಶಯವಿಲ್ಲ.

ನಿಜವಾಗಿ ನನ್ನನ್ನು ಕಾಡುತ್ತಿರುವುದು ‘ಗೇಟ್’. ಬಾಕ್ಸಿಂಗ್ ವ್ಯವಹಾರದಲ್ಲಿ ಗೇಟ್ ಎಂದರೆ ಬಾಗಿಲಲ್ಲ. ಅಖಾಡಕ್ಕೆ ಬಂದು ನೋಡುವವರಿಗೆ ಟಿಕೆಟ್ ಮಾರಿ ಹುಟ್ಟಿದ ಒಟ್ಟು ಹಣ. ಟೈಸನ್–ಪಾಲ್ ಕಾಳಗದ ಗೇಟ್ ಸುಮಾರು 1.8 ಕೋಟಿ ಡಾಲರ್. 2015ರ ಮೇವೆದರ್–ಪಾಕ್ವಿಯಾವೊ ಕಾಳಗದ್ದು ಸುಮಾರು 7.2 ಕೋಟಿ. ಇದಕ್ಕೆ ಸಿನಿಮಾದವರ ‘ಗಲ್ಲಾಪೆಟ್ಟಿಗೆ ಗಳಿಕೆ’ಯನ್ನು ಎರವಲು ಪಡೆಯಲು ಹೊರಟೆ. ಅದು ಸರಿಹೋಗದು. ಗಲ್ಲಾಪೆಟ್ಟಿಗೆ ಎಂದರೆ ಒಟ್ಟು ಆದಾಯವೇ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬಾಕ್ಸಿಂಗ್‌ನಲ್ಲಿ ದೊಡ್ಡ ದುಡ್ಡು ಬರುವುದು ಮನೆಯಲ್ಲಿ ಕುಳಿತು ಹಣ ತೆತ್ತು ನೋಡುವವರಿಂದ. 2015ರ ಆ ಒಂದು ರಾತ್ರಿಗೆ ಅಮೆರಿಕದಲ್ಲೇ ಅದು 40 ಕೋಟಿ ಡಾಲರ್ ದಾಟಿತ್ತು. ಗೇಟ್ ಅದರ ಮುಂದೆ ಚಿಲ್ಲರೆ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಪದ ಬೇಕು. ‘ಟಿಕೆಟ್ ಹುಟ್ಟುವಳಿ’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ. ಹುಟ್ಟುವಳಿ ಹೊಲಗದ್ದೆಯ ಪದವಾದರೂ, ಇಂಥ ಮೂಲದಿಂದ ಇಷ್ಟು ಬಂತು ಎಂಬ ಅರ್ಥ ಅದರಲ್ಲಿ ಗಟ್ಟಿಯಾಗಿದೆ.

ಅದೇ 2015ರ ಕಾಳಗದ ಇನ್ನೊಂದು ಸಂಗತಿ. ಸಾರ್ವಜನಿಕರಿಗೆಂದು ಬಿಟ್ಟ ಟಿಕೆಟ್ ಸಾವಿರಕ್ಕೂ ಕಡಿಮೆ. ಒಂದೆರಡು ನಿಮಿಷದಲ್ಲಿ ಮುಗಿದವು. ಉಳಿದವು ಕ್ಯಾಸಿನೊ, ಸಂಘಟಕರು, ಎರಡೂ ಬಣಗಳವರು, ಟಿವಿ ಕಂಪನಿಗಳ ಪಾಲು. ‘ಟಿಕೆಟ್‌ಗಳು ಕ್ಷಣಾರ್ಧದಲ್ಲಿ ಮಾರಾಟವಾದವು’ ಎಂಬ ವಾಕ್ಯ ಸುಳ್ಳಲ್ಲ, ಆದರೆ ಓದುಗನ ಕಣ್ಣಿಗೆ ಮಣ್ಣೆರಚುತ್ತದೆ. ಕೌಂಟರಿನಲ್ಲಿ ಹೋದದ್ದಕ್ಕೆ ‘ಬಿಕರಿ’, ಒಳಗೊಳಗೇ ಹೋದದ್ದಕ್ಕೆ ‘ಹಂಚಿಕೆ’ ಎಂದು ಬೇರೆ ಮಾಡಿದ್ದೇನೆ.

ಕೊನೆಯದಾಗಿ ‘ಕಾಳಗ’. ‘ಮುಷ್ಟಿಯುದ್ಧ’ ಪಠ್ಯಪುಸ್ತಕದ ಪದ. ‘ಮುಷ್ಟಿಕಾಳಗ’ ಎಂದರೆ ಮೈಸೂರಿನವರಿಗೆ ವಿಜಯದಶಮಿಯಂದು ಅರಮನೆಯಲ್ಲಿ ಜೆಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗ ನೆನಪಾಗುತ್ತದೆ. ‘ಪಂದ್ಯ’ದಲ್ಲಿ ಬಾಜಿಯ ವಾಸನೆಯೂ ಇದೆ, ಬಾಕ್ಸಿಂಗ್‌ಗೆ ಅದು ಅಪಚಾರವೇನಲ್ಲ, ಬಿಡಿ. ಹಾಗಾಗಿ ಬರೀ ‘ಕಾಳಗ’ ಉಳಿಸಿಕೊಂಡಿದ್ದೇನೆ. ಇಬ್ಬರು ಬಾಕ್ಸರ್‌ಗಳನ್ನು ಎದುರುಬದುರು ನಿಲ್ಲಿಸಲು ಒಪ್ಪಿಸುವುದಕ್ಕೆ ದಸರಾ ಕುಸ್ತಿಯವರ ‘ಜೋಡಿ ಕಟ್ಟುವುದು’ ಹೇಳಿ ಮಾಡಿಸಿದಂತಿದೆ. ಅದನ್ನು ಯಾರೂ ಬದಲಿಸಬೇಡಿ ಎಂದು ವಿನಂತಿ.

ಕುಸ್ತಿ ನಡೆಸಿ ಗೊತ್ತಿರುವವರು, ನಾಟಕ ಕಂಪನಿಗಳಲ್ಲಿ ಅಥವಾ ಟೆಂಟ್ ಮೇಳಗಳಲ್ಲಿ ಟಿಕೆಟ್ ಹರಿದವರು ಬಳಗದಲ್ಲಿದ್ದರೆ ಅವರಿಗೆ ನನ್ನ ಎರಡು ಪ್ರಶ್ನೆ. ಆಟದ ರಾತ್ರಿ ಟಿಕೆಟ್‌ನಿಂದ ಬಂದ ಒಟ್ಟು ಹಣವನ್ನು ನಿಮ್ಮ ಲೆಕ್ಕದ ಪುಸ್ತಕದಲ್ಲಿ ಏನೆಂದು ಬರೆಯುತ್ತಿದ್ದಿರಿ? ಮಳೆ ಬಂದು ಆಟ ನಡೆಯದಿದ್ದಾಗ ಅದೇ ಟಿಕೆಟ್‌ನಲ್ಲಿ ನಾಳೆ ಬನ್ನಿ ಎಂದು ಜನರಿಗೆ ಯಾವ ಮಾತಿನಲ್ಲಿ ಹೇಳುತ್ತಿದ್ದಿರಿ? ಊರಿನ ಹೆಸರನ್ನೂ ಸೇರಿಸಿ ಬರೆದರೆ, ಯಾವ ಸೀಮೆಯ ಬಳಕೆ ಎಂದು ಗುರುತು ಹಾಕಿಕೊಳ್ಳುತ್ತೇನೆ.