‘ಹಸಿ ಕಸ’ದಲ್ಲಿ ಹಸಿ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ನಮ್ಮ ಬೀದಿಯ ಮನೆಗಳಿಗೆ ಹಂಚಲು ಕಸ ಬೇರ್ಪಡಿಸುವ ಬಗ್ಗೆ ಒಂದು ಚೀಟಿ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ‘ಹಸಿ ಕಸ ಹಸಿರು ಬುಟ್ಟಿಗೆ, ಒಣ ಕಸ ಚೀಲಕ್ಕೆ’ ಅಂತ ಬರೆದು ಪಕ್ಕದ ಮನೆಯವರಿಗೆ ತೋರಿಸಿದೆ. ಅವರು ಕೇಳಿದರು: ‘ಈರುಳ್ಳಿ ಸಿಪ್ಪೆ ಗರಿಗರಿಯಾಗಿ ಒಣಗಿರುತ್ತಲ್ವಾ, ಅದು ಯಾವುದಕ್ಕೆ?’

ಅವರ ಮನೆಯಲ್ಲಿ ಅದು ಇಷ್ಟು ದಿನ ಒಣ ಕಸದ ಚೀಲಕ್ಕೆ ಹೋಗುತ್ತಿತ್ತು. ದೇವರ ಮನೆಯ ಬಾಡಿದ ಹೂವೂ ಅಲ್ಲಿಗೇ. ಹಾಲಿನ ಕವರ್ ಮಾತ್ರ ಒದ್ದೆ ಇದೆ ಅಂತ ಹಸಿರು ಬುಟ್ಟಿಗೆ ಬೀಳುತ್ತಿತ್ತು. ಆಗಬೇಕಾದ್ದು ಇದರ ತಿರುವುಮುರುವು. ಆದರೆ ಅವರು ಪದ ಹೇಳಿದ ಹಾಗೇ ಮಾಡಿದ್ದಾರೆ. ಹಾಗಾಗಿ ತಪ್ಪು ಅವರದು ಅಂತ ನನಗೆ ಅನ್ನಿಸಲಿಲ್ಲ.

ಬೆಂಗಳೂರಿನಲ್ಲಿ ಈ ಎರಡು ಪದಗಳು ಎಲ್ಲರ ಬಾಯಿಗೆ ಬಂದು ಹೆಚ್ಚು ಕಾಲವೇನೂ ಆಗಿಲ್ಲ. 2012ರಲ್ಲಿ, ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರ ಎಂಬ ಹಳ್ಳಿಯ ಜನ ಅದು ತಮ್ಮೂರಿಗೆ ಬೇಡ ಎಂದು ನಿಂತರು. ಬೆಂಗಳೂರಿನ ತುಂಬ ಕಸ ರಾಶಿ ಬಿತ್ತು. ಆಗಿನ ನಗರ ಪಾಲಿಕೆ ಬಿಬಿಎಂಪಿ ಅದೇ ವರ್ಷ ಅಕ್ಟೋಬರ್‌ನಿಂದ ಮನೆಯಲ್ಲೇ ಕಸ ಬೇರ್ಪಡಿಸಬೇಕು ಎಂದಿತು. 2015ರಲ್ಲಿ ಹೈಕೋರ್ಟ್ ‘ಎರಡು ಬುಟ್ಟಿ, ಒಂದು ಚೀಲ’ದ ಕ್ರಮವನ್ನು ಕಡ್ಡಾಯ ಮಾಡಿತು. ಹಸಿರು ಬುಟ್ಟಿ ಹಸಿ ಕಸಕ್ಕೆ, ಕೆಂಪು ಬುಟ್ಟಿ ಪ್ಯಾಡು, ಡೈಪರ್‌ಗಳಂಥದ್ದಕ್ಕೆ, ಚೀಲ ಒಣ ಕಸಕ್ಕೆ. ನಗರದ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಅಡುಗೆಮನೆಯದೇ. ಅದು ಶುದ್ಧವಾಗಿ ಸಿಕ್ಕರೆ ಗೊಬ್ಬರ, ಪ್ಲಾಸ್ಟಿಕ್ ಸೇರಿದರೆ ಮತ್ತೆ ಯಾವುದೋ ಹಳ್ಳಿಯ ಪಕ್ಕದ ಗುಡ್ಡೆ. ಅದಕ್ಕೇ ಈ ಪದದ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡಿದ್ದೇನೆ.

ಇಂಗ್ಲಿಷಿನಲ್ಲಿ ಇದು ‘ವೆಟ್’, ‘ಡ್ರೈ’. ಆದರೆ ಕನ್ನಡಕ್ಕೆ ತಂದವರು ‘ಒದ್ದೆ ಕಸ’ ಅನ್ನಲಿಲ್ಲ, ಗಮನಿಸಿ. ಒದ್ದೆ ಹೊರಗಿನಿಂದ ಬಂದದ್ದು. ಮಳೆಯಲ್ಲಿ ನೆನೆದ ಕೊಡೆ ಒದ್ದೆ, ತೊಳೆದ ತಟ್ಟೆ ಒದ್ದೆ. ಹಸಿ ಒಳಗಿನದು. ಹಸಿ ಕಟ್ಟಿಗೆ, ಹಸಿಮೆಣಸಿನಕಾಯಿ, ಹಸಿ ಮಡಕೆ, ಹಸಿ ಗಾಯ, ಹಸಿ ಬಾಣಂತಿ. ಇಲ್ಲೆಲ್ಲ ನೀರಿನ ಮಾತಿಗಿಂತ ಹೊಸದು, ಬೇಯದ್ದು, ಮಾಗದ್ದು, ಇನ್ನೂ ಜೀವ ಇರುವುದು ಎಂಬ ಅರ್ಥವೇ ಮುಂದೆ ಬರುತ್ತದೆ. ಹಳಗನ್ನಡದ ‘ಪಸಿ’ ಇದೇ. ಹಸಿರು, ಹಸುಳೆ, ಹಸುಗೂಸು ಎಲ್ಲ ಇದರ ಬಳಗದವೇ. ಹಸಿ ಕಸಕ್ಕೆ ಹಸಿರು ಬುಟ್ಟಿ ಅನ್ನುವುದು ಬರೀ ಪ್ರಾಸ ಅಲ್ಲ, ಎರಡೂ ಒಂದೇ ಬೇರಿನ ಮಾತು. ನನಗೆ ಇದು ತುಂಬ ಇಷ್ಟವಾಯಿತು. ಈ ಲೆಕ್ಕದಲ್ಲಿ ಹಾಲಿನ ಕವರ್ ಎಷ್ಟೇ ಒದ್ದೆ ಇದ್ದರೂ ಹಸಿ ಅಲ್ಲ.

ಧಾರವಾಡ, ವಿಜಯಪುರ ಕಡೆಯವರು ಇಲ್ಲಿ ನನ್ನನ್ನು ತಿದ್ದಬೇಕು. ನಿಮ್ಮಲ್ಲಿ ನೆನೆದ ಬಟ್ಟೆಗೆ ‘ಹಸಿ ಅರಿವೆ’ ಅನ್ನುತ್ತೀರಾ? ಹಾಗಿದ್ದರೆ ಈ ಒದ್ದೆ–ಹಸಿ ವ್ಯತ್ಯಾಸ ದಕ್ಷಿಣದ ಕಡೆಗೆ ಮಾತ್ರ ನಿಲ್ಲುತ್ತದೆ.

ಅದೇನೇ ಇರಲಿ, ಈರುಳ್ಳಿ ಸಿಪ್ಪೆಯ ಪ್ರಶ್ನೆ ಹಾಗೇ ಉಳಿಯಿತು. ಒಣಗಿದ ಎಲೆ, ಮೊಟ್ಟೆ ಚಿಪ್ಪು, ಸೋಸಿ ಒಣಗಿದ ಟೀಪುಡಿ, ಇವನ್ನು ಯಾವ ಅರ್ಥದಲ್ಲೂ ಹಸಿ ಅನ್ನಲು ಬಾಯಿ ಬರುವುದಿಲ್ಲ.

ನಮ್ಮ ಅಜ್ಜಿಯ ಮನೆಯಲ್ಲಿ ಕಸವನ್ನು ಹಸಿ, ಒಣ ಅಂತ ವಿಂಗಡಿಸುತ್ತಿರಲಿಲ್ಲ. ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲೆ ಹೆಸರು ಇತ್ತು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಕಲಗಚ್ಚಿಗೆ, ಅದು ಹಸುವಿಗೆ. ಗುಡಿಸಿದ್ದು, ಸಗಣಿ, ಒಲೆಯ ಬೂದಿ ತಿಪ್ಪೆಗೆ. ತಗಡು, ಸೀಸೆ ಗುಜರಿಗೆ. ಹೆಸರು ಕೇಳಿದರೆ ಸಾಕು, ಎಲ್ಲಿ ಹಾಕಬೇಕು ಅಂತ ಮಗುವಿಗೂ ಗೊತ್ತಾಗುತ್ತಿತ್ತು. ಚಿಪ್ಸ್ ಪೊಟ್ಟಣ ಆ ಮನೆಗೆ ಇನ್ನೂ ಬಂದಿರಲಿಲ್ಲ. ಅದನ್ನು ಈಗಲೂ ಗುಜರಿಯವರು ತೆಗೆದುಕೊಳ್ಳುವುದಿಲ್ಲ.

ಸರ್ಕಾರಿ ಬರಹಗಳಲ್ಲಿ ‘ಜೈವಿಕ ವಿಘಟನೀಯ ತ್ಯಾಜ್ಯ’ ಅಂತ ಕಾಣುತ್ತದೆ. ಅರ್ಥ ಸರಿ, ಆದರೆ ಬೆಳಗ್ಗೆ ಆರೂವರೆಗೆ ಆಟೋ ಟಿಪ್ಪರ್ ಬಂದಾಗ ಇದು ಯಾರ ಬಾಯಲ್ಲೂ ಬರುವುದಿಲ್ಲ. ನಮ್ಮ ಬೀದಿಗೆ ಬರುವ ಪೌರಕಾರ್ಮಿಕ ಅಕ್ಕ ಹೇಳುವುದು ಬೇರೆಯೇ: ‘ಕೊಳೆಯೋದು ಇದಕ್ಕೆ ಹಾಕಿ, ಕೊಳೀದೇ ಇರೋದು ಅದಕ್ಕೆ.’ ಬೇಕಾದ ಅರ್ಥ ಇದರಲ್ಲಿ ಪೂರ್ತಿ ಬಂತು. ನಾನೂ ಚೀಟಿಯಲ್ಲಿ ‘ಕೊಳೆಯುವ ಕಸ’ ಅಂತ ಬರೆದು ನೋಡಿದೆ. ಆದರೆ ಬರಹದಲ್ಲಿ ಅದು ‘ಕೊಳೆ’ಯನ್ನು ನೆನಪಿಸುತ್ತದೆ. ಕೊಳೆಯಾದದ್ದು ಅಂತ ಡೈಪರನ್ನು ಅದಕ್ಕೇ ಹಾಕಿಬಿಟ್ಟರೆ?

ಸದ್ಯಕ್ಕೆ ‘ಗೊಬ್ಬರದ ಕಸ’ ಅಂತ ಇಟ್ಟಿದ್ದೇನೆ. ಅಜ್ಜಿಯ ಮನೆಯ ರೀತಿಯಲ್ಲಿ ಇದೂ ಕಸ ಹೋಗುವ ಜಾಗವನ್ನೇ ಹೇಳುತ್ತದೆ. ಈರುಳ್ಳಿ ಸಿಪ್ಪೆ, ಬಾಡಿದ ಹೂವು ತಾವಾಗಿ ಇದರೊಳಗೆ ಬರುತ್ತವೆ. ಹಾಲಿನ ಕವರ್ ಹೊರಗೆ ಉಳಿಯುತ್ತದೆ. ಎಳನೀರು ಬುರುಡೆ ಮಾತ್ರ ಸ್ವಲ್ಪ ತೊಡಕು. ಗೊಬ್ಬರ ಆಗುತ್ತದೆ, ಆದರೆ ತುಂಬ ನಿಧಾನ.

‘ಹಸಿ ಕಸ’ ಎಲ್ಲ ಕಡೆ ಬೇರೂರಿದೆ, ಅದನ್ನು ತೆಗೆದುಹಾಕಿ ಅಂತ ನಾನು ಹೇಳುತ್ತಿಲ್ಲ. ಅದರ ಕೆಳಗೆ ಇನ್ನೊಂದು ಪದ ಸೇರಿಸಬೇಕು, ಅಷ್ಟೇ. ನಿಮ್ಮ ಊರಿನ ನಗರಸಭೆ, ಗ್ರಾಮ ಪಂಚಾಯಿತಿಯ ಗಾಡಿಗಳ ಮೇಲೆ ಏನು ಬರೆದಿದ್ದಾರೆ? ಕಸ ಎತ್ತುವವರು ತಮ್ಮತಮ್ಮಲ್ಲಿ ಏನು ಅಂತಾರೆ? ಒಣ ಕಸಕ್ಕೆ ಇದೇ ತರಹದ ಹೆಸರು ನನಗೆ ಹೊಳೆದಿಲ್ಲ, ಗೊತ್ತಿದ್ದವರು ತಿಳಿಸಿ. ಚೀಟಿ ಭಾನುವಾರ ಅಚ್ಚಿಗೆ ಹೋಗುತ್ತದೆ.